ಮೊದಲು ಮಲಗುವ ಜಾಗ, ಆಮೇಲೆ ದಾರಿ

ಮಗುವನ್ನು ಸೈಕಲ್ ಪ್ರವಾಸಕ್ಕೆ ಕರೆದುಕೊಂಡು ಹೋಗೋಣ ಅನ್ನಿಸಿದ ಕೂಡಲೇ ಅಪ್ಪ ಅಮ್ಮಂದಿರು ಮಾಡುವ ಮೊದಲ ಕೆಲಸ ಮೊಬೈಲಿನಲ್ಲಿ ನಕ್ಷೆ ತೆರೆದು ಕಿಲೋಮೀಟರ್ ಎಣಿಸುವುದು. ಅರಸೀಕೆರೆಯಿಂದ ಹಳೇಬೀಡಿಗೆ 40 ಚಿಲ್ಲರೆ, ಅಲ್ಲಿಂದ ಬೇಲೂರಿಗೆ 16. ಎರಡು ದಿನಕ್ಕೆ ಹಂಚಿದರೆ ಆರಾಮ ಎಂದು ಲೆಕ್ಕ ಮುಗಿಯುತ್ತದೆ. ಲೆಕ್ಕವೇನೋ ಸರಿ, ಹಿಡಿದ ತುದಿ ಮಾತ್ರ ಸರಿಯಲ್ಲ. ಮಗುವಿನ ಜೊತೆ ಹೊರಟ ಮೊದಲ ಪ್ರವಾಸ ಕೆಡುವುದು ಹಗಲಿನ ರಸ್ತೆಯಲ್ಲಲ್ಲ. ಸಂಜೆ ಐದರಿಂದ ಬೆಳಗಿನ ಆರರ ನಡುವೆ. ಹೊತ್ತು ಮುಳುಗುತ್ತಿದೆ, ಟೆಂಟಿಗೆ ಜಾಗ ಸಿಕ್ಕಿಲ್ಲ, ಮಗುವಿಗೆ ಹಸಿವು, ದೊಡ್ಡವರಿಗೆ ಗಾಬರಿ. ಈ ಸ್ಥಿತಿಗೆ ಬಂದ ಮೇಲೆ ಎಷ್ಟು ಕಿಲೋಮೀಟರ್ ತುಳಿದಿದ್ದೀರಿ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಯೋಜನೆಯನ್ನು ತಿರುಗಿಸಿ ಮಾಡಿ. ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದು ಮನೆಯಲ್ಲೇ, ಫೋನಿನಲ್ಲೇ, ಒಬ್ಬ ಮನುಷ್ಯನ ಹೆಸರಿನೊಂದಿಗೆ ಗಟ್ಟಿಯಾಗಲಿ. ಆಮೇಲೆ ಆ ಜಾಗಕ್ಕೆ ಮಧ್ಯಾಹ್ನ ಮೂರೂವರೆಯೊಳಗೆ ತಲುಪಬಹುದಾದಷ್ಟು ಚಿಕ್ಕ ದಾರಿಯನ್ನು ಹುಡುಕಿ.

ಈ ಸೀಮೆಯೇ ಯಾಕೆ

ಮಗುವಿನ ಮೊದಲ ಸೈಕಲ್ ರಾತ್ರಿಗೆ ಕರ್ನಾಟಕದಲ್ಲಿ ಜಾಗ ಹುಡುಕುವವರು ಸಾಮಾನ್ಯವಾಗಿ ಕೊಡಗು, ಚಿಕ್ಕಮಗಳೂರು ಎನ್ನುತ್ತಾರೆ. ಚೆಂದ ನಿಜ, ಆದರೆ ಘಾಟಿ ರಸ್ತೆ ದೊಡ್ಡವರಿಗೇ ಏದುಸಿರು ತರಿಸುತ್ತದೆ. ಅರಸೀಕೆರೆಯಿಂದ ಬೇಲೂರಿನವರೆಗಿನ ಈ ಪಟ್ಟಿ ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಅಂಚು. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಬೇಲೂರು ಅದಕ್ಕಿಂತ ಇನ್ನೂ ನೂರೈವತ್ತು ಮೀಟರ್‌ನಷ್ಟು ಮೇಲೆ. ಅಷ್ಟು ಏರು ಇಡೀ ದಾರಿಯಲ್ಲಿ ಹಂಚಿಹೋಗುವುದರಿಂದ ಎಲ್ಲೂ ದೊಡ್ಡ ದಿಬ್ಬವಾಗಿ ಎದುರು ನಿಲ್ಲುವುದಿಲ್ಲ. ತೆಂಗು, ರಾಗಿ, ಜೋಳ, ಆಲೂಗಡ್ಡೆಯ ಹೊಲಗಳು, ನಡುವೆ ಕೆರೆಗಳು. ಊರಿಗೂ ಊರಿಗೂ ಹೆಚ್ಚು ದೂರವಿಲ್ಲ. ಊರು ಬಂತೆಂದರೆ ಒಂದು ಟೀ ಅಂಗಡಿ, ಒಂದು ಪಂಕ್ಚರ್ ಅಂಗಡಿ, ನೆರಳಿಗೆ ಒಂದು ಅರಳಿಕಟ್ಟೆ. ಮಗು ಇರುವ ಸವಾರರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇರೆ ಇಲ್ಲ.

ಇನ್ನು ನೋಡುವುದಕ್ಕೆ. ಅರಸೀಕೆರೆಯ ಈಶ್ವರ ದೇವಾಲಯ 1220ರದು. ಅದರ ಮುಂದಿನ ತೆರೆದ ಮಂಟಪ ಹದಿನಾರು ಮೂಲೆಯ ನಕ್ಷತ್ರದಂತಿದೆ. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಬಂದವು. ಅಂದಿನಿಂದ ವಾರಾಂತ್ಯದಲ್ಲಿ ಕಾರು, ಟಿಟಿ, ಬಸ್ಸುಗಳ ಓಡಾಟಕ್ಕೆ ಕೊರತೆಯಿಲ್ಲ. ಸೈಕಲ್ಲಿನವರು ಇದನ್ನು ಸಂತೋಷದ ಸುದ್ದಿಯೆಂದು ಕೇಳಿದ ಹಾಗೆಯೇ ಎಚ್ಚರಿಕೆಯೆಂದೂ ಕೇಳಬೇಕು.

ವಯಸ್ಸಿಗೆ ತಕ್ಕ ದಾರಿ

ಆರರಿಂದ ಎಂಟು ವರ್ಷದ ಮಗುವಿಗೆ ನಾನು ಹೇಳುವುದು ಒಂದೇ ದಾರಿ: ಅರಸೀಕೆರೆಯಿಂದ ಹಾರನಹಳ್ಳಿ. ಹಾಸನದ ಕಡೆಗೆ ಸುಮಾರು 8 ಕಿಲೋಮೀಟರ್. ಅಲ್ಲಿ 1235ರಲ್ಲಿ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸೋದರರು ಕಟ್ಟಿಸಿದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳಿವೆ. ಬೇಲೂರಿನ ನೂಕುನುಗ್ಗಲು ಇಲ್ಲಿಲ್ಲ. ಗೋಡೆಯ ಮೇಲಿನ ಆನೆಸಾಲಿನ ಮುಂದೆ ಮಗು ಕೂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಊರಿನಲ್ಲೇ ಯಾರದಾದರೂ ಮನೆಯಂಗಳದಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಅದೇ ದಾರಿಯಲ್ಲಿ ಅರಸೀಕೆರೆಗೆ ವಾಪಸ್. ‘ಇಷ್ಟೇನಾ?’ ಎಂದು ನಿಮಗೆ ಅನ್ನಿಸಿದರೆ ಒಳ್ಳೆಯದು. ಮಗುವಿಗೂ ಹಾಗೇ ಅನ್ನಿಸಬೇಕು. ‘ಇನ್ನೂ ಎಷ್ಟು ದೂರ?’ ಎಂಬ ಪ್ರಶ್ನೆಗಿಂತ ಅದು ವಾಸಿ.

ಒಂಬತ್ತು ಹತ್ತು ವರ್ಷದ, ತನ್ನದೇ ಸೈಕಲ್ಲಿನಲ್ಲಿ ರಸ್ತೆಯ ಎಡಬದಿಗೆ ನೇರವಾಗಿ ಹೋಗಬಲ್ಲ ಮಗುವಾದರೆ ಹಳೇಬೀಡಿನಿಂದ ಬೇಲೂರು. ಸೈಕಲ್ಲುಗಳನ್ನು ಕಾರಿನಲ್ಲೋ ಲಗೇಜ್ ಆಟೋದಲ್ಲೋ ಹಳೇಬೀಡಿಗೆ ತಂದುಬಿಡಿ. ಮೊದಲ ದಿನ ಹಳೇಬೀಡಿನ ಸುತ್ತಲೇ ತುಳಿದಾಟ: ಹೊಯ್ಸಳೇಶ್ವರ, ಬಸದಿಹಳ್ಳಿಯ ಪಾರ್ಶ್ವನಾಥ, ಶಾಂತಿನಾಥ ಬಸದಿಗಳು, ಕೇದಾರೇಶ್ವರ, ದೋರಸಮುದ್ರದ ಏರಿ, ಪಕ್ಕದ ಹುಳಿಕೆರೆಯ ಕಲ್ಯಾಣಿ. ಎಲ್ಲವೂ ಒಂದಕ್ಕೊಂದು ಹತ್ತಿರ. ಮಗುವಿಗೆ ದಿನವಿಡೀ ಸೈಕಲ್ ಮೇಲಿದ್ದ ಭಾವನೆ, ಕಾಲಿಗೆ ಮಾತ್ರ ಹೆಚ್ಚು ಶ್ರಮವಿಲ್ಲ. ರಾತ್ರಿ ಅಲ್ಲೇ. ಎರಡನೆಯ ದಿನ ಬೆಳಿಗ್ಗೆ ಆರೂವರೆಗೆ ಹೊರಟು ಬೇಲೂರು. ಇದನ್ನು ಮೊದಲ ರಾತ್ರಿಯ ಅತ್ಯುತ್ತಮ ದಾರಿ ಎಂದೇ ಹೇಳುತ್ತೇನೆ.

ಅರಸೀಕೆರೆಯಿಂದ ಶುರುಮಾಡಿ ಬೇಲೂರಿನವರೆಗೆ ಪೂರ್ತಿ ತುಳಿಯುವುದು ಹನ್ನೆರಡು ದಾಟಿದವರಿಗೆ, ಅದೂ ಹಿಂದೆ ಒಂದು ರಾತ್ರಿ ಹೊರಗೆ ಮಲಗಿದ ಅಭ್ಯಾಸ ಇದ್ದವರಿಗೆ. ಆಗ ರಾತ್ರಿಯನ್ನು ಜಾವಗಲ್ ಅಥವಾ ಬೆಳವಾಡಿಯ ಹತ್ತಿರ ಇಟ್ಟುಕೊಳ್ಳಿ. ವೇಗದ ಬೌಲರ್ ಶ್ರೀನಾಥ್ ಹೆಸರಿನಲ್ಲಿರುವ ಜಾವಗಲ್ ಇದೇ ಎಂದರೆ ಕ್ರಿಕೆಟ್ ಹುಚ್ಚಿನ ಮಗು ಇನ್ನೈದು ಕಿಲೋಮೀಟರ್ ಜಾಸ್ತಿ ತುಳಿದೀತು. ಹಳೇಬೀಡಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಬೆಳವಾಡಿಯಲ್ಲಿ ಮೂರು ಗರ್ಭಗುಡಿಯ ವೀರನಾರಾಯಣ ದೇವಾಲಯವಿದೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂಬುದು ಊರವರ ನಂಬಿಕೆ. ಒಂದು ಬಂಡಿ ಅನ್ನ ತಿನ್ನುವ ರಾಕ್ಷಸನ ಕಥೆ ಟೆಂಟಿನೊಳಗೆ ಹೇಳಲು ಹೇಳಿ ಮಾಡಿಸಿದ್ದು.

ಮಗುವಿನ ವೇಗ ಗಂಟೆಗೆ ಎಂಟು ಹತ್ತು ಕಿಲೋಮೀಟರ್. ನಿಲ್ಲುವುದು, ನೀರು, ಆಡು ನೋಡುವುದು, ಚಪ್ಪಲಿ ಸರಿಮಾಡುವುದು ಎಲ್ಲ ಸೇರಿದರೆ ಆರಕ್ಕೆ ಇಳಿಯುತ್ತದೆ. ಆರನ್ನೇ ಲೆಕ್ಕಕ್ಕೆ ಹಿಡಿಯಿರಿ.

ರಸ್ತೆ, ಗಾಳಿ, ಕಾಲ

ಮಂಗಳೂರಿನಿಂದ ತುಮಕೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಘಾಟಿ ಹತ್ತಿ ಬೇಲೂರಿನ ಮೇಲೆ ಬಂದು ಅರಸೀಕೆರೆ, ತಿಪಟೂರಿನ ಕಡೆ ಹೋಗುತ್ತದೆ. ಲಾರಿಗಳು, ಧರ್ಮಸ್ಥಳದ ಬಸ್ಸುಗಳು, ರಜೆಯ ಕಾರುಗಳು ಎಲ್ಲ ಇದರಲ್ಲೇ. ಮಗುವನ್ನು ಈ ರಸ್ತೆಗೆ ತರುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಮಾತ್ರ. ಉಳಿದ ಹೊತ್ತು ಹಳ್ಳಿಯಿಂದ ಹಳ್ಳಿಗೆ ಹೋಗುವ ಒಳರಸ್ತೆ ಹಿಡಿಯಿರಿ. ನಕ್ಷೆಯಲ್ಲಿ ಕಾಣುವ ಒಳರಸ್ತೆ ನಿಜವಾಗಿ ಡಾಂಬರೋ, ಜಲ್ಲಿಯೋ, ಬರೀ ಬಂಡಿದಾರಿಯೋ ಎಂಬುದನ್ನು ಟೀ ಅಂಗಡಿಯಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ‘ಅಣ್ಣಾ, ಮಗು ಸೈಕಲ್ ಹೋಗುತ್ತಾ ಈ ದಾರೀಲಿ?’ ಎಂದು ಕೇಳಿ, ‘ರಸ್ತೆ ಚೆನ್ನಾಗಿದೆಯಾ?’ ಎಂದಲ್ಲ. ಬೈಕಿನವರಿಗೆ ಎಲ್ಲ ರಸ್ತೆಯೂ ಚೆನ್ನಾಗಿಯೇ ಇರುತ್ತದೆ.

ಇಬ್ಬರು ದೊಡ್ಡವರಿದ್ದರೆ ಒಬ್ಬರು ಮುಂದೆ, ಒಬ್ಬರು ಹಿಂದೆ, ಮಗು ನಡುವೆ. ಒಬ್ಬರೇ ಇದ್ದರೆ ಮಗು ಮುಂದೆ, ನೀವು ಹಿಂದೆ, ಮಗುವಿಗಿಂತ ಒಂದಡಿ ಬಲಕ್ಕೆ. ನೀವು ಮುಂದೆ ಹೋಗಿ ಆಗಾಗ ಹಿಂತಿರುಗಿ ನೋಡುವುದು ಇಬ್ಬರಿಗೂ ಅಪಾಯ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ, ನೀವೂ ಹಾಕಿದರೆ ಮಗುವೂ ಹಾಕುತ್ತದೆ.

ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಸರಿಯಾದ ಕಾಲ. ಆಗ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುವುದರಿಂದ ಅರಸೀಕೆರೆಯಿಂದ ಬೇಲೂರಿನ ಕಡೆಗೆ ಹೋಗುವವರ ಬೆನ್ನಿಗಿರುತ್ತದೆ. ಬೇಲೂರಿನಿಂದ ಹೊರಟರೆ ಎದುರಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದೂ ಬೇಲೂರಿನ ಕಡೆ ಜೋರು. ಬೇಲೂರಿನ ತೇರಿನ ದಿನಗಳನ್ನು, ದಸರಾ ಮತ್ತು ಕ್ರಿಸ್‌ಮಸ್ ರಜೆಯನ್ನು ಬಿಟ್ಟುಬಿಡಿ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ರಾತ್ರಿಯ ಚಳಿ ಬೆಂಗಳೂರಿನವರು ಅಂದುಕೊಳ್ಳುವುದಕ್ಕಿಂತ ಹೆಚ್ಚು.

ರೈಲಿನಲ್ಲಿ ಸೈಕಲ್

ಅರಸೀಕೆರೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನದ ಮೇಲೆ ಮೈಸೂರಿಗೆ ಹೋಗುವ ಮಾರ್ಗ ಕೂಡುವುದು ಇಲ್ಲೇ. ಸೈಕಲ್ ಇಳಿಸಿಕೊಳ್ಳುವವರಿಗೆ ಇದರಿಂದ ಲಾಭ. ರೈಲು ಅರ್ಧ ನಿಮಿಷಕ್ಕೆ ಹೊರಟುಬಿಡುವ ಸಣ್ಣ ನಿಲ್ದಾಣದ ಧಾವಂತ ಇಲ್ಲಿಲ್ಲ. ಹತ್ತುವ ನಿಲ್ದಾಣದ ಪಾರ್ಸೆಲ್ ಕಚೇರಿಗೆ ಸಾಕಷ್ಟು ಮುಂಚೆ ಹೋಗಿ ನಿಮ್ಮ ಟಿಕೆಟ್ ತೋರಿಸಿ ಸೈಕಲ್ಲನ್ನು ಲಗೇಜ್ ಎಂದು ಬುಕ್ ಮಾಡಿಸಬೇಕು. ಅದು ಗಾರ್ಡ್ ಬೋಗಿಯ ಪಕ್ಕದ ಲಗೇಜ್ ಕೋಣೆಯಲ್ಲಿ ಬರುತ್ತದೆ. ಲಗೇಜ್ ಕೋಣೆ ಇಲ್ಲದ ರೈಲುಗಳೂ ಇವೆ, ಹಾಗಾಗಿ ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ. ಹ್ಯಾಂಡಲ್‌ಗೆ ಹೆಸರು, ನಿಲ್ದಾಣ, ಫೋನ್ ನಂಬರ್ ಬರೆದ ರಟ್ಟು ಕಟ್ಟಿ. ಬೆಲ್ಲು, ಲೈಟು, ನೀರಿನ ಬಾಟಲಿ ಬಿಚ್ಚಿ ಚೀಲದಲ್ಲಿಟ್ಟುಕೊಳ್ಳಿ. ಕ್ಯಾಂಪಿಂಗ್ ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಿ ಒಯ್ಯುವಂತಿಲ್ಲ.

ವಾಪಸ್ ಬರುವಾಗ ಬೇಲೂರಿನಲ್ಲಿ ರೈಲಿಲ್ಲ. ಒಂದು ಟಾಟಾ ಏಸ್ ಅಥವಾ ಲಗೇಜ್ ಆಟೋ ಮಾತಾಡಿಕೊಂಡು ಸೈಕಲ್ಲುಗಳನ್ನು ಹಾಸನಕ್ಕೋ ಅರಸೀಕೆರೆಗೋ ತಂದುಕೊಳ್ಳುವುದೇ ಸುಲಭ. ಬಸ್ಸಿನ ಕಂಡಕ್ಟರ್ ಕರುಣೆಯ ಮೇಲೆ ಯೋಜನೆ ಕಟ್ಟಬೇಡಿ.

ಟೆಂಟ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಇಡೀ ಪ್ರವಾಸದ ಜೀವ ಇಲ್ಲಿದೆ. ದೇವಾಲಯದ ಆವರಣ, ಬಸದಿ, ಕಲ್ಯಾಣಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಅಲ್ಲಿ ಟೆಂಟು, ಒಲೆ, ಬೆಂಕಿ ಯಾವುದೂ ಕೂಡದು. ಹೊಯ್ಸಳೇಶ್ವರದ ಹುಲ್ಲುಹಾಸು ನೋಡಿ ಆಸೆಯಾದರೆ ಅದುಮಿಕೊಳ್ಳಿ.

ಮೊದಲ ಆಯ್ಕೆ ಜನ ವಾಸವಿರುವ ಮನೆಯ ಅಂಗಳ ಅಥವಾ ಮನೆಯಿರುವ ತೋಟ. ಗುರುತಿನವರ ಗುರುತಿನವರಾದರೂ ಸಾಕು. ನಮ್ಮ ಊರುಗಳ ಒಳ್ಳೆಯ ಗುಣವೆಂದರೆ ಅರಸೀಕೆರೆ ಕಡೆಯ ನೆಂಟರು ಹಾಸನ, ತುಮಕೂರು, ಬೆಂಗಳೂರಿನ ಯಾವ ಕಚೇರಿಯಲ್ಲಿ ಕೇಳಿದರೂ ಒಬ್ಬರಾದರೂ ಸಿಗುತ್ತಾರೆ. ಯಾರೂ ಸಿಗದಿದ್ದರೆ ಸಂಜೆಗೆ ಮೊದಲೇ ಊರು ಸೇರಿ, ಸೈಕಲ್ಲಿನಿಂದ ಇಳಿದು, ಹೆಲ್ಮೆಟ್ ತೆಗೆದು, ಕಟ್ಟೆಯ ಮೇಲೆ ಕೂತ ಹಿರಿಯರನ್ನು ಮಾತಾಡಿಸಿ. ‘ಯಜಮಾನ್ರೇ, ಮಗು ಜೊತೆ ಬಂದಿದ್ದೀವಿ. ರಾತ್ರಿ ಒಂದು ಟೆಂಟ್ ಹಾಕ್ಕೊಂಡು ಬೆಳಿಗ್ಗೆ ಎದ್ದು ಹೋಗ್ತೀವಿ. ಎಲ್ಲಾದ್ರೂ ಜಾಗ ತೋರಿಸ್ತೀರಾ?’ ಇಷ್ಟೇ ಮಾತು. ‘ಟೆಂಟ್ ಯಾಕವ್ವಾ, ಒಳಗೇ ಮಲಕ್ಕೊಳ್ಳಿ’ ಎನ್ನುವ ಅಜ್ಜಿ ಸಿಗುವುದು ಖಂಡಿತ. ಮಗುವಿಗೆ ಟೆಂಟಿನ ಆಸೆ ಎಂದು ಹೇಳಿ ಅಂಗಳದಲ್ಲೇ ಹಾಕಿ. ಊಟಕ್ಕೆ ಕರೆದರೆ ಮಾತ್ರ ಬೇಡ ಎನ್ನಬೇಡಿ. ಆಧಾರ್ ಕಾರ್ಡ್ ಕೈಯಲ್ಲಿರಲಿ. ಕೇಳುವ ಮೊದಲೇ ತೋರಿಸುವುದು ಇನ್ನೂ ಮರ್ಯಾದೆ.

ಇದು ಬರೀ ಸೌಜನ್ಯದ ಮಾತಲ್ಲ. ಮಕ್ಕಳ ಕಳ್ಳರ ವದಂತಿ 2018ರಲ್ಲಿ ನಮ್ಮ ರಾಜ್ಯದಲ್ಲೇ ಪ್ರಾಣ ತೆಗೆದಿದೆ. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರಸ್ಥಳದವರ ಮೇಲೆ ಗುಂಪು ಬಿದ್ದು ಒಬ್ಬ ಯುವಕ ಸತ್ತ. ಊರಿನ ಮಕ್ಕಳಿಗೆ ತಿಂಡಿ ಹಂಚಬೇಡಿ, ಫೋಟೊ ತೆಗೆಯಬೇಡಿ. ಕತ್ತಲಾದ ಮೇಲೆ ಯಾರಿಗೂ ಹೇಳದೆ ಊರ ಹೊರಗೆ ಟೆಂಟ್ ಹಾಕುವುದಂತೂ ಬೇಡವೇ ಬೇಡ. ನೀವು ಯಾರು, ಮಗು ಯಾರದು ಎನ್ನುವುದು ಊರಿಗೆ ಗೊತ್ತಿದ್ದಷ್ಟೂ ನಿಮ್ಮ ನಿದ್ದೆ ಗಟ್ಟಿ.

ಈಗ ನೆಲದ ವಿಚಾರ. ಇದು ತೆಂಗಿನ ಸೀಮೆ. ತೋಟದವರು ಪ್ರೀತಿಯಿಂದ ‘ಎಲ್ಲಿ ಬೇಕಾದರೂ ಹಾಕಿ’ ಎನ್ನುತ್ತಾರೆ. ತೆಂಗಿನ ಮರದ ಕೆಳಗೆ ಮಾತ್ರ ಬೇಡ. ಒಣಗಿದ ಗರಿ, ಕಾಯಿ ಯಾವಾಗ ಬೀಳುತ್ತದೆ ಎಂದು ಮರವೂ ಹೇಳುವುದಿಲ್ಲ, ಟೆಂಟಿನ ಬಟ್ಟೆಯೂ ತಡೆಯುವುದಿಲ್ಲ. ನಾಲ್ಕು ಮರಗಳ ನಡುವಿನ ಖಾಲಿ ಚೌಕವೂ ಸಾಲದು, ಗರಿಗಳ ನೆರಳು ಬೀಳದಷ್ಟು ಆಚೆ ಹೋಗಿ. ತೋಟದಲ್ಲಿ ಇನ್ನೊಂದು ಪೇಚಿದೆ. ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಕರೆಂಟು ಎಷ್ಟೋ ಕಡೆ ರಾತ್ರಿ ಬರುತ್ತದೆ, ಆಟೋ ಸ್ಟಾರ್ಟರ್ ಇದ್ದರೆ ಮೋಟರು ತಾನಾಗಿ ಓಡುತ್ತದೆ. ಸಂಜೆ ಒಣಗಿದ್ದ ನೆಲಕ್ಕೆ ನಡುರಾತ್ರಿ ನೀರು ಹಾಯುತ್ತದೆ. ‘ಇವತ್ತು ರಾತ್ರಿ ಇಲ್ಲಿ ನೀರು ಬಿಡ್ತೀರಾ?’ ಎಂದು ಕೇಳುವುದನ್ನು ಮರೆಯಬೇಡಿ.

ನನ್ನ ಮಟ್ಟಿಗೆ ಅತ್ಯುತ್ತಮ ಜಾಗ ಕಣ. ಸಾರಿಸಿ ಗಟ್ಟಿಯಾದ, ಮಟ್ಟಸವಾದ, ಕಲ್ಲಿಲ್ಲದ ನೆಲ, ಮೇಲೆ ತೆರೆದ ಆಕಾಶ. ಗೂಟ ನಾಟುವುದು ಕಷ್ಟ, ಆದ್ದರಿಂದ ಗೂಟವಿಲ್ಲದೆ ತಾನೇ ನಿಲ್ಲುವ ಗುಮ್ಮಟದ ಟೆಂಟ್ ಒಯ್ಯಿರಿ. ಡಿಸೆಂಬರ್, ಜನವರಿಯಲ್ಲಿ ರಾಗಿ ಒಕ್ಕಣೆ ನಡೆಯುತ್ತಿದ್ದರೆ ಕಣ ಬೇಡ. ಹುಲ್ಲಿನ ಬಣವೆಯಿಂದಲೂ ದೂರವಿರಿ: ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು. ಕೆರೆಯ ಅಂಗಳ ನೋಡಲು ಚೆಂದ, ಮಲಗಲು ಥಂಡಿ. ಏರಿಯ ಮೇಲೆ ದನ, ಟ್ರ್ಯಾಕ್ಟರ್ ಓಡಾಡುತ್ತವೆ.

ಬೇಲೂರು ದಾಟಿ ಪಶ್ಚಿಮಕ್ಕೆ ಹೋಗಬೇಡಿ. ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟಗಳಲ್ಲಿ ಕಾಡಾನೆಗಳ ಓಡಾಟವಿದೆ, ಜನ ಸತ್ತಿದ್ದಾರೆ. ಅಲ್ಲಿಯ ಮನೆಯವರೇ ಕತ್ತಲಾದ ಮೇಲೆ ಹೊರಗೆ ಕಾಲಿಡಲು ಹೆದರುತ್ತಾರೆ. ಟೆಂಟಿನ ಮಾತೇ ಇಲ್ಲ. ಅರಸೀಕೆರೆಯ ಸುತ್ತಿನ ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಗುಡ್ಡದ ಬುಡವನ್ನು ಬಿಟ್ಟು ಊರಿನೊಳಗೇ ಇರಿ.

ಇದೆಲ್ಲ ಆದ ಮೇಲೂ ಒಂದು ಬಾಗಿಲು ತೆರೆದಿರಲಿ. ಹಳೇಬೀಡಿನಲ್ಲಿ ದೇವಾಲಯದ ಎದುರೇ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್ ಮಯೂರ ಶಾಂತಲಾ ಇದೆ, ಬೇಲೂರಿನಲ್ಲಿ ಮಯೂರ ವೇಲಾಪುರಿ. ಅಲ್ಲಿ ಒಂದು ಕೋಣೆ ಕಾದಿರಿಸಿ, ಅವರ ಆವರಣದಲ್ಲಿ ಟೆಂಟ್ ಹಾಕಲು ಬಿಡುತ್ತಾರಾ ಎಂದು ಮೊದಲೇ ಕೇಳಿ. ಬಿಡದಿದ್ದರೆ ಕೋಣೆಯಂತೂ ಇದೆ. ಮಗುವಿನ ಜೊತೆ ಒಬ್ಬರೇ ಹೊರಟ ಅಮ್ಮಂದಿರಿಗೆ ಮೊದಲ ಸಲ ಇದೇ ಸರಿ. ರಾತ್ರಿ ಹನ್ನೊಂದಕ್ಕೆ ಮಗು ‘ಮನೆಗೆ ಹೋಗೋಣ’ ಎಂದು ಅತ್ತರೆ ಎದ್ದು ಒಳಗೆ ಹೋಗಿ ಮಲಗಿ. ಹಟ ಹಿಡಿದು ಕೂರಿಸಿದರೆ ಆ ಮಗು ಮುಂದೆಂದೂ ಟೆಂಟಿನ ಹತ್ತಿರ ಸುಳಿಯುವುದಿಲ್ಲ.

ಸೈಕಲ್ಲು, ಸಾಮಾನು, ಊಟ

ಗೇರಿನ ದುಬಾರಿ ಸೈಕಲ್ ಬೇಕೆಂದೇನಿಲ್ಲ. ಕರ್ನಾಟಕ ಸರ್ಕಾರ 2006–07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳಲ್ಲಿ ಈ ಭಾಗದ ಮಕ್ಕಳು ಇದೇ ರಸ್ತೆಗಳಲ್ಲಿ ಶಾಲೆಗೆ ಹೋಗಿಬಂದಿದ್ದಾರೆ. ಬ್ರೇಕು ಹಿಡಿಯಬೇಕು, ಸೀಟಿನ ಮೇಲೆ ಕೂತಾಗ ಮಗುವಿನ ಕಾಲ್ಬೆರಳು ನೆಲ ಮುಟ್ಟಬೇಕು, ಚೈನಿಗೆ ಎಣ್ಣೆ ಬಿದ್ದಿರಬೇಕು. ಬಯಲುಸೀಮೆಯ ಜಾಲಿ ಮುಳ್ಳು ಟಯರಿಗೆ ನಾಟುವುದು ಸಾಮಾನ್ಯ. ಹಳ್ಳಿಯ ಅಂಗಡಿಯವರು ಪಂಕ್ಚರ್ ಹಾಕಿಕೊಡುತ್ತಾರೆ, ಆದರೆ ಮಗುವಿನ 20 ಅಥವಾ 24 ಇಂಚಿನ ಟ್ಯೂಬ್ ಅವರಲ್ಲಿ ಇರುವುದಿಲ್ಲ. ಅದನ್ನೂ, ಹಳೆ ಮಾದರಿಯ ಸೈಕಲ್ಲಾದರೆ ಒಂದಿಷ್ಟು ವಾಲ್ ಟ್ಯೂಬನ್ನೂ, ಪಂಪು, ಸೊಲ್ಯೂಷನ್, ಪ್ಯಾಚ್, ಸ್ಪ್ಯಾನರ್‌ಗಳನ್ನೂ ಒಯ್ಯಿರಿ.

ಮಗುವಿನ ಸೈಕಲ್ ಮೇಲೆ ಅದರ ನೀರಿನ ಬಾಟಲಿ ಮತ್ತು ಅದಕ್ಕೆ ಇಷ್ಟವಾದ ಒಂದು ಗೊಂಬೆ, ಅಷ್ಟೇ. ಉಳಿದದ್ದು ನಿಮ್ಮ ಕ್ಯಾರಿಯರ್ ಮೇಲೆ, ಬೆನ್ನ ಮೇಲಲ್ಲ. ಎಲ್ಲ ಸೇರಿ ಹತ್ತು ಹನ್ನೆರಡು ಕಿಲೋ ದಾಟಿದರೆ ಏನೋ ಹೆಚ್ಚಾಗಿದೆ ಎಂದರ್ಥ. ಹಗುರವಾಗಿ ಹೋಗುವ ಈ ಪಾಠವನ್ನು ಜಗತ್ತಿಗೆ ಕಲಿಸಿದವರಲ್ಲಿ ಲಂಡನ್ನಿನ ಒಬ್ಬ ದರ್ಜಿ ಮುಖ್ಯ. ಥಾಮಸ್ ಹೈರಾಮ್ ಹೋಲ್ಡಿಂಗ್ ಸೈಕಲ್ಲಿನಲ್ಲಿ ಒಯ್ಯಬಹುದಾದ ಟೆಂಟನ್ನು ತಾನೇ ಹೊಲಿದುಕೊಂಡ. 1901ರಲ್ಲಿ ಸೈಕಲ್ ಕ್ಯಾಂಪಿಂಗ್ ಮಾಡುವವರ ಸಂಘ ಕಟ್ಟಿದ. ಇಂಗ್ಲೆಂಡಿನ ದೊಡ್ಡ ಕ್ಯಾಂಪಿಂಗ್ ಕ್ಲಬ್ಬಿನ ಮೂಲ ಅದೇ. ಹುಡುಗನಾಗಿದ್ದಾಗ ಅಪ್ಪ ಅಮ್ಮನ ಜೊತೆ ಅಮೆರಿಕದ ಬಯಲುಗಳನ್ನು ಬಂಡಿಯಲ್ಲಿ ದಾಟಿದವನು ಅವನು. ಬಯಲಲ್ಲಿ ಮಲಗುವ ಹುಚ್ಚು ಚಿಕ್ಕಂದಿನಲ್ಲೇ ಹತ್ತುತ್ತದೆ.

ಒಲೆ ಬೇಡ. ಮೊದಲ ರಾತ್ರಿ ಅಡುಗೆಯ ಉಸಾಬರಿ ಯಾಕೆ? ಮನೆಯಿಂದ ಚಪಾತಿ, ಚಟ್ನಿಪುಡಿ, ಹುರಿದ ಕಡಲೆಬೀಜ, ಬೆಲ್ಲ, ಬಾಳೆಹಣ್ಣು. ದಾರಿಯಲ್ಲಿ ಇಡ್ಲಿ, ಚಿತ್ರಾನ್ನ, ಎಳನೀರು. ನೀರು ಒಬ್ಬರಿಗೆ ಎರಡು ಲೀಟರ್ ಸದಾ ತುಂಬಿರಲಿ. ಬೋರ್‌ವೆಲ್ ನೀರನ್ನು ಮಗುವಿಗೆ ಹಾಗೇ ಕುಡಿಸಬೇಡಿ, ಊರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಿ. ಬೆಚ್ಚನೆಯ ಕಂಬಳಿ, ಮಂಗನ ಟೋಪಿ, ನೆಲದ ಥಂಡಿ ತಡೆಯುವ ದಪ್ಪ ಚಾಪೆ. ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಬರುವುದೇ ಹೆಚ್ಚು.

ಹೊರಡುವ ಹಿಂದಿನ ವಾರ ಮನೆಯ ತಾರಸಿಯ ಮೇಲೆ ಒಂದು ರಾತ್ರಿ ಇದೇ ಟೆಂಟಿನಲ್ಲಿ ಮಲಗಿ. ಜಿಪ್ಪು ಹಾಕುವುದು, ಟಾರ್ಚ್ ಹುಡುಕುವುದು, ರಾತ್ರಿ ಒಂದಕ್ಕೆ ಏಳುವುದು ಎಲ್ಲ ಅಲ್ಲೇ ಅಭ್ಯಾಸವಾಗಲಿ. ಟೆಂಟಿನ ಒಂದು ಕಡ್ಡಿ ಕಾಣೆಯಾಗಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ರಾತ್ರಿ

ನಾಲ್ಕಕ್ಕೆ ಟೆಂಟ್, ಆರಕ್ಕೆ ಊಟ, ಎಂಟಕ್ಕೆ ನಿದ್ದೆ. ಟೆಂಟ್ ಕಟ್ಟುವಾಗ ಮಗುವಿಗೆ ನಿಜವಾದ ಕೆಲಸ ಕೊಡಿ: ನೆಲದ ಕಲ್ಲು ಆರಿಸುವುದು, ಕಡ್ಡಿ ಜೋಡಿಸುವುದು, ಟಾರ್ಚ್ ಕಾಯುವುದು. ನಾಯಿ, ಗೂಬೆ, ದೂರದ ಮೋಟರು, ಭಜನೆಯ ಮೈಕು ಯಾವುದು ಯಾವ ಸದ್ದು ಎಂದು ಮಲಗುವ ಮೊದಲೇ ಹೇಳಿ. ಗೊತ್ತಿರುವ ಸದ್ದಿಗೆ ಮಗು ಹೆದರುವುದಿಲ್ಲ.

ಜಿಪ್ಪು ಯಾವಾಗಲೂ ಮುಚ್ಚಿರಲಿ. ಕಟ್ಟುಹಾವು ರಾತ್ರಿ ಓಡಾಡುವಂಥದು, ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು, ಎಷ್ಟೋ ಸಲ ಕಚ್ಚಿದ ನೋವೇ ಇರುವುದಿಲ್ಲ. ಮುಚ್ಚಿದ ಟೆಂಟ್ ಇದಕ್ಕೆ ಒಳ್ಳೆಯ ತಡೆ. ಶೂ ಟೆಂಟಿನ ಒಳಗಿರಲಿ, ಬೆಳಿಗ್ಗೆ ಕೊಡವಿ ಹಾಕಿ. ಚೇಳಿಗೆ ಶೂ ಇಷ್ಟ. ರಾತ್ರಿ ಹೊರಗೆ ಹೋಗಬೇಕಾದರೆ ಟಾರ್ಚ್ ಮೊದಲು, ಕಾಲು ಆಮೇಲೆ. ಬಯಲಿಗೆ ಹೋಗಲು ಒಂದು ಕೈಗುದ್ದಲಿ ಇರಲಿ, ಮಣ್ಣು ಮುಚ್ಚಿ ಬನ್ನಿ.

ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ನಾಟಿ ಮದ್ದಿನ ಮಾತು ಕೇಳಬೇಡಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ, ಮಗುವನ್ನು ನಡೆಸದೆ, 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅರಸೀಕೆರೆ, ಬೇಲೂರು ಎರಡೂ ತಾಲ್ಲೂಕು ಕೇಂದ್ರಗಳು. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಧಾನವಾಗಿ ನಡೆಯಿರಿ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಲಸಿಕೆ.

ಕಲ್ಲಿನ ಆನೆಗಳು

ಮಗುವಿಗೆ ಇತಿಹಾಸ ಓದಿಸಲು ಹೋಗಬೇಡಿ. ಹಳೇಬೀಡಿನ ಗೋಡೆಯ ಕೆಳಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆ ಸವಾರರು, ಕಣ್ಣಿನ ಮಟ್ಟಕ್ಕೆ ರಾಮಾಯಣ ಮಹಾಭಾರತ. ಆನೆಸಾಲು ಸರಿಯಾಗಿ ಚಿಕ್ಕವರ ಎತ್ತರಕ್ಕಿದೆ. ‘ಒಂದೇ ಥರದ ಎರಡು ಆನೆ ಹುಡುಕು’ ಎಂದರೆ ಸಾಕು, ನಿಮಗೆ ಒಂದು ಗಂಟೆ ಬಿಡುವು. ಹಳೇಬೀಡಿನ ವಸ್ತು ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಬೇಲೂರಿನಲ್ಲಿ ಬುನಾದಿಯಿಲ್ಲದೆ ತನ್ನ ಭಾರದ ಮೇಲೇ ನಿಂತ ದೀಪದ ಕಂಬವನ್ನು ತೋರಿಸಿ. ಅಲ್ಲಿ ಅಂಗಳವೆಲ್ಲ ಕಲ್ಲುಹಾಸು, ಚಪ್ಪಲಿ ಹಾಕುವಂತಿಲ್ಲ. ಹತ್ತು ಗಂಟೆಯ ಮೇಲೆ ಆ ಕಲ್ಲು ಮಗುವಿನ ಪಾದ ಸುಡುತ್ತದೆ; ದಪ್ಪ ಕಾಲುಚೀಲ ಇಟ್ಟುಕೊಂಡಿರಿ. ಎರಡು ಗುಡಿ ನೋಡಿದ ಮೇಲೆ ಮೂರನೆಯದು ಮಗುವಿಗೆ ಶಿಕ್ಷೆ. ಅದರ ಬದಲು ಊರ ಪಕ್ಕದ ಯಗಚಿ ಜಲಾಶಯದ ಕಡೆ ಹೋಗಿ.

ಕೊನೆಗೊಂದು ಕೋರಿಕೆ, ಈ ಸೀಮೆಯಲ್ಲಿ ಮನೆ, ತೋಟ ಇರುವ ಓದುಗರಿಗೆ. ಸಂಜೆ ಹೊತ್ತು ಸೈಕಲ್ ತಳ್ಳಿಕೊಂಡು ಒಂದು ಮಗು, ಜೊತೆಗೆ ಅದರ ಅಪ್ಪನೋ ಅಮ್ಮನೋ ನಿಮ್ಮ ಬಾಗಿಲಿಗೆ ಬಂದು ಜಾಗ ಕೇಳಿದರೆ, ಗುರುತು ಚೀಟಿ ನೋಡಿಕೊಂಡು, ನಲ್ಲಿ ಮತ್ತು ಬಚ್ಚಲು ಎಲ್ಲಿದೆ ಎಂದು ತೋರಿಸಿ, ಅಂಗಳದ ದೀಪವೊಂದನ್ನು ಉರಿಯಲು ಬಿಡಿ. ರಾತ್ರಿ ಮೋಟರು ಓಡುವುದಿದ್ದರೆ ಮಾತ್ರ ಮರೆಯದೆ ಹೇಳಿಬಿಡಿ.